ಬುತ್ತಿ ಗಂಟಿನ ಚೀಟಿ

ಹರಪನಹಳ್ಳಿಯ ಲ್ಯಾಬಿನಲ್ಲಿ ನಾನು ರಕ್ತಪರೀಕ್ಷೆಯ ವರದಿ ಟೈಪ್ ಮಾಡುತ್ತಿದ್ದೆ. ಅವನ್ನು ನಗರದ ಆಸ್ಪತ್ರೆಗೆ ಮುಟ್ಟಿಸುವ ವೆಬ್ ಸರ್ವಿಸ್ ಬರೆದವರು ನಮ್ಮ ಕಂಪ್ಯೂಟರ್ ಮೇಷ್ಟ್ರು. ಸಿಟ್ಟು ಬಂದರೆ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸುತ್ತಿದ್ದರು.

ಅದು ಕಳಿಸುವ ಸಂದೇಶದೊಳಗೆ ರೋಗಿಯ ಹೆಸರು, ಫಲಿತಾಂಶ ಇರುತ್ತಿದ್ದವು. ಮೇಷ್ಟ್ರು ಸಂದೇಶದ ತಲೆಭಾಗದ ಹೆಡರಿನಲ್ಲಿ ರೋಗಿಯ ಊರು, ತಂದೆಯ ಹೆಸರು ಸೇರಿಸಿದ್ದರು.

"ಬಸ್ಸಿಗೆ ಹಾಕೋ ಬುತ್ತಿ ಗಂಟಿಗೆ ಚೀಟಿ ಕಟ್ಟಂಗಿಲ್ಲೇನವ್ವ? ಗಂಟು ಬಿಚ್ಚದಂಗ ಯಾರ್ದಂತ ಗೊತ್ತಾಗಬೇಕು" ಎನ್ನುತ್ತಿದ್ದರು.

ಆಸ್ಪತ್ರೆಯ ಕಂಪ್ಯೂಟರ್ ಇಂಜಿನಿಯರ್ ಆ ಹೆಡರನ್ನು ಕಿತ್ತೆಸೆದ. "ನಮ್ಮ ನಮೂನೆಯಲ್ಲಿ ಇದಿಲ್ಲ" ಎಂದನಂತೆ. ಒಂದು ಮಾತು ಕೇಳುವ ಸೌಜನ್ಯವೂ ಬೇಡವೇ? ಮನೆಗೊಬ್ಬ ಕೊಟ್ರೇಶ ಇರುವ ಸೀಮೆ ನಮ್ಮದು! ವಾರದೊಳಗೆ ಚಿಗಟೇರಿಯ ಕೊಟ್ರೇಶನ ಸಕ್ಕರೆ ಕಾಯಿಲೆ ನಮ್ಮದೇ ತಾಲೂಕಿನ ಅರಸೀಕೆರೆಯ ಕೊಟ್ರೇಶನ ಹೆಸರಿಗೆ ಬಿತ್ತು. ಗಟ್ಟಿಮುಟ್ಟಾದ ಮನುಷ್ಯ ಇನ್ಸುಲಿನ್ ಚುಚ್ಚಿಸಿಕೊಂಡು ಎಚ್ಚರ ತಪ್ಪಿ ಬಿದ್ದ. ಪುಣ್ಯಕ್ಕೆ ಉಳಿದ.

ಆಮೇಲೆ ಆ ಇಂಜಿನಿಯರನೇ ಫೋನ್ ಮಾಡಿದ. "ತಪ್ಪು ನಿಮ್ಮದೇ. ಪ್ರೋಗ್ರಾಂ ಬರೆದವರ ಹೆಸರು ಹೇಳಿ, ದೂರು ಕೊಡಬೇಕು."

ಮೇಷ್ಟ್ರು ನನ್ನ ಕೈಯಿಂದ ರಿಸೀವರ್ ಕಸಿದುಕೊಂಡರು. ಅವತ್ತು ಕನ್ನಡಕ ಒರೆಸಲಿಲ್ಲ.

"ಬರ್ಕೊಳ್ರಿ, ಕೊಟ್ರೇಶ. ಯಾವೂರ ಕೊಟ್ರೇಶ ಅಂತ ಮಾತ್ರ ಕೇಳಬ್ಯಾಡ್ರಿ, ಅದು ನಿಮ್ಮ ನಮೂನಿಯೊಳಗ ಇಲ್ಲ!"