ಕಿಟಕಿಯಿಂದ ಬಂದ ರಂಪಿಗೆ

ಮೊನ್ನೆ ಮುಲುಂಡ್ ಸ್ಟೇಷನ್ ಹೊರಗೆ ಚಪ್ಪಲಿ ಅಂಟಿಸಲು ಕೊಟ್ಟು ನಿಂತಿದ್ದೆ. ಸೊಲ್ಯೂಷನ್ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆ ಘಾಟಿಗೆ ಧಾರಾವಿಯ ನಮ್ಮ ಹಳೆಯ ಚಾಳು, ಆ ಒಂಟಿಕೋಣೆ ಮನೆಗಳ ಸಾಲು ನೆನಪಾಯಿತು. ಪಕ್ಕದ ಖೋಲಿಯ ಕಾಕಾ ನೆನಪಾದರು...

ವಿಜಯಪುರದ ಕಡೆಯವರು, ತೊಗಲಿನ ಚೀಲ ಹೊಲಿಯುತ್ತಿದ್ದರು. ಕಿವಿಯಲ್ಲಿ ಯಾರೋ ಮಾತಾಡಿದಂತಾಗುವ ಕಾಯಿಲೆ ಅವರಿಗೆ. ಗುಳಿಗೆ ನುಂಗಿದರೆ ದೇವರಂಥ ಮನುಷ್ಯ. ಆದರೆ ವಾರಕ್ಕೆರಡು ದಿನ ಕುಡಿಯುತ್ತಿದ್ದರು. ಆಗ ಪಾತ್ರೆಗಳು ಹಾರುತ್ತಿದ್ದವು, ಅವರ ಹೆಂಡತಿ ಕಾಕು ನಮ್ಮ ಮನೆಗೆ ಓಡಿ ಬರುತ್ತಿದ್ದರು. "ಮೊದಲ ಮಂಗ್ಯಾ, ಮ್ಯಾಲ ಸೆರೆ ಕುಡದೈತಿ" ಎಂದು ಚಾಳು ನಗುತ್ತಿತ್ತು. ನಾನೂ ನಕ್ಕಿದ್ದೇನೆ, ಸುಳ್ಳೇಕೆ ಹೇಳಲಿ. ಒಳಗೊಳಗೆ ಮಾತ್ರ, ಇವತ್ತಲ್ಲ ನಾಳೆ ಇವರು ಕಾಕುವನ್ನು ಕೊಂದೇಬಿಡುತ್ತಾರೆ ಎಂಬ ಹೆದರಿಕೆ.

ಒಂದು ಮಧ್ಯಾಹ್ನ ಕಾಕು ನಮ್ಮಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಾಗ ಕಾಕಾ ಬಾಗಿಲಿಗೆ ಬಂದರು. ಕೈಯಲ್ಲಿ ತೊಗಲು ಕೊಯ್ಯುವ ರಂಪಿಗೆ. ನಾನು ದಡಾರನೆ ಬಾಗಿಲು ಹಾಕಿ ಚಿಲಕ ಜಡಿದೆ.

"ಬಾಗಲಾ ತಗೀಬ್ಯಾಡ ತಂಗಿ," ಹೊರಗಿನಿಂದ ಕಾಕಾ ಅಂದರು. "ಕಿಡಕ್ಯಾಗಿಂದ ಇದನ್ನ ಇಸ್ಕೊ. ಅಕೀನ್ನ ಹೊಡಿ ಅಂತ ಕಿವ್ಯಾಗ ಹೇಳಾಕತ್ತಾರ. ಇವತ್ತ ನನ್ನ ಮ್ಯಾಲ ನನಗ ನಂಬಿಗಿಲ್ಲ."

ಕಿಟಕಿಯ ಸರಳುಗಳ ನಡುವಿನಿಂದ ಹಿಡಿಕೆ ನನ್ನ ಕಡೆಗೆ ಬಂತು. ಅಲಗನ್ನು ಅವರೇ ಹಿಡಿದಿದ್ದರು. ಕೊಲ್ಲಲು ಬಂದರೆಂದುಕೊಂಡಿದ್ದೆನಲ್ಲ... ನಾಚಿಕೆಯಾಯಿತು.

ಕಾಕು ಅಳುತ್ತಲೇ ಆಗ ಒಂದು ಮಾತು ಹೇಳಿದರು. "ಗುಳಿಗಿ ಸೆರೆ ಜೋಡಿ ಕೂಡಿದ್ರ ವಿಷ ಆಗತೈತಂತ, ಕುಡದ ದಿನ ಗುಳಿಗಿ ನಾನ ಮುಚ್ಚಿಡ್ತೀನಿ." ಅಂದರೆ ಕುಡಿದ ದಿನಗಳಲ್ಲಿ ಕಿವಿಯ ಆ ಮಾತುಗಳಿಗೆ ಮದ್ದೇ ಇರುತ್ತಿರಲಿಲ್ಲ.

ಅಂದೇ ಮೂವರೂ ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಹೋದೆವು. ಮರ್ಯಾದೆಗೆ ಅಂಜಿ ಗಂಡ ಹೆಂಡತಿ ಇಬ್ಬರೂ ಕುಡಿತದ ಸಂಗತಿಯನ್ನು ಡಾಕ್ಟರಿಗೆ ಹೇಳಿಯೇ ಇರಲಿಲ್ಲ. ಈಗ ಕೇಳಿ ಡಾಕ್ಟರು ಬೈಯಲಿಲ್ಲ. ಗುಳಿಗೆಯನ್ನು ನಮ್ಮಷ್ಟಕ್ಕೆ ನಾವೇ ನಿಲ್ಲಿಸಬಾರದು, ಎರಡಕ್ಕೂ ಕೂಡಿಯೇ ಮದ್ದು ಆಗಬೇಕು ಎಂದು ಕಾಕಾನನ್ನು ಭರ್ತಿ ಮಾಡಿಕೊಂಡರು. ಆಮೇಲೂ ಕಾಕಾ ಎರಡು ಸಲ ಕುಡಿತಕ್ಕೆ ಜಾರಿದರು. ಎರಡೂ ಸಲ ತಾವಾಗಿಯೇ ಬಂದು ಹೇಳಿದರು. ನಾವು ಮುಲುಂಡಿಗೆ ಮನೆ ಬದಲಿಸುವ ಹೊತ್ತಿಗೆ ಚಾಳಿನ ನಗುವೂ ನಿಂತಿತ್ತು.

ಮೊನ್ನೆ ಮನೆಗೆ ಬಂದವಳೇ ಕಾಕುಗೆ ಫೋನ್ ಮಾಡಿದೆ. ಎದೆನೋವಿನಿಂದ ಕಾಕಾ ತೀರಿಕೊಂಡು ಆರು ತಿಂಗಳಾಗಿತ್ತು. ನನಗೆ ಯಾರೂ ತಿಳಿಸಿರಲಿಲ್ಲ. ನನಗೆ ಅಳು ಬಂತು, ಕಾಕು ಅಳಲಿಲ್ಲ.

"ರಂಪಿಗಿ ನಿನ್ನ ಕೈಗೆ ಕೊಟ್ಟ ಮ್ಯಾಲ ಇಷ್ಟ ವರ್ಷ ಅವರ ಮಗ್ಗಲದಾಗ ಹೆದರಲಾರದ ಮಲಗೀನಿ, ತಂಗಿ," ಅಂದರು. "ಅಷ್ಟ ಸಾಕು ನನಗ."