ಮಲಗಿದ್ದ ನಾಯಿಯ ಅಳತೆ

ಕಾರ್ತಿಕದ ಎರಡನೇ ಸೋಮವಾರ, ಬೆಳಿಗ್ಗೆ ಆರು ಗಂಟೆ. ಕಲ್ಯಾಣದುರ್ಗದ ನಮ್ಮ ಮನೆಯಂಗಳದಲ್ಲಿ ಹಾಜರಿರಬೇಕಾದವರು ಮೂವರು: ನಾನು, ನಮ್ಮ ಯಜಮಾನರು, ನಾಯಿ. ಹೊತ್ತಿಗೆ ಬಂದವರು ಇಬ್ಬರು. ಯಜಮಾನರು ಆರು ಹತ್ತಕ್ಕೆ ಕಾಫಿ ಲೋಟ ಹಿಡಿದು, ಜಡ್ಜಿನಂತೆ ಬಂದರು.

ಅವರು ತೀರ್ಮಾನಿಸಬೇಕಿದ್ದದ್ದು ನಾಯಿಯ ಹಣೆಬರಹ. ಕುಂದುರ್ಪಿಯ ಕುರಿಹಟ್ಟಿಯಿಂದ ಬೊಗಸೆಯಲ್ಲಿ ತಂದ ಮರಿ ಎರಡೇ ವರ್ಷದಲ್ಲಿ ಕರುವಿನಷ್ಟಾಗಿತ್ತು. ಕುರಿಯ ವಾಸನೆ ಬಂದತ್ತ ಓಡುವುದು ಅದರ ಕುಲಕಸುಬು. ಹಗ್ಗದ ಈ ತುದಿಯಲ್ಲಿ ನಿವೃತ್ತ ಹೆಡ್ ನರ್ಸ್ ಒಬ್ಬಳಿದ್ದಾಳೆಂಬುದು ಅದಕ್ಕೆ ಗಣನೆಯೇ ಅಲ್ಲ. ಶ್ರಾವಣದಲ್ಲಿ ನನ್ನನ್ನು ರಸ್ತೆಯಲ್ಲಿ ಕೆಡವಿ ಎಡ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿತು. ಅದನ್ನು ಬಿಚ್ಚಿದ ದಿನ ಯಜಮಾನರು ಗಡುವು ಕೊಟ್ಟರು.

“ಕಾರ್ತಿಕದ ಎರಡ್ನೇ ಸೋಮವಾರ ನಾಯಿ ಹಿಡ್ಕೊಂಡು ಹಾಲಿನಂಗಡಿಗೆ ಹೋಗಿ ಬೀಳ್ದಂಗೆ ವಾಪಸ್ ಬಂದ್ರೆ ನಾಯಿ ಇರ್ತದೆ. ಇಲ್ಲಾಂದ್ರೆ ಅದು ಕುಂದುರ್ಪಿಗೆ ಹೋಯ್ತದೆ, ನೀನು ಆಸ್ಪತ್ರೆಗೆ ಹೋಯ್ತೀಯ.”

ಗ್ಯಾಸ್ ಸಿಲಿಂಡರಿಗೆ ಫೋನ್ ಮಾಡಲು ವಾರ ತೆಗೆದುಕೊಳ್ಳುವ ಮನುಷ್ಯ, ಕುಂದುರ್ಪಿಯ ಕುರಿ ಕಾಯುವವನಿಗೆ ಅಂದೇ ಫೋನ್ ಮಾಡಿ, ಆ ಸೋಮವಾರ ಒಂಬತ್ತರ ಬಸ್ಸಿಗೆ ಬಾ ಎಂದರು.

ಪಶುವೈದ್ಯರು ಹೆಡ್ ಕಾಲರ್ ಕೊಳ್ಳಲು ಹೇಳಿದರು. ಮೂತಿಯ ಮೇಲೊಂದು ಪಟ್ಟಿ, ಕಿವಿಯ ಹಿಂದೊಂದು ಪಟ್ಟಿ. ನಾಯಿ ಎಳೆದರೆ ಅದರ ತಲೆಯೇ ನಮ್ಮ ಕಡೆ ತಿರುಗುತ್ತದಂತೆ. ನಾಯಿ ಮಲಗಿದ್ದಾಗ, ಅಲುಗಾಟವಿಲ್ಲದೆ, ಟೇಪು ಹಿಡಿದು ಅಳತೆ ಬರೆದುಕೊಂಡೆ. ಬಸ್ಸು ಹತ್ತಿ ಹಿಂದೂಪುರಕ್ಕೆ ಹೋದೆ. ಅಂಗಡಿಯವರು ನಾಯಿಯನ್ನೇ ತರಬೇಕಿತ್ತು ಎಂದರು. ಅಳತೆ ಸರಿಯಿದ್ದ ಮೇಲೆ ರೋಗಿ ಯಾಕೆ ಬೇಕು ಎಂದೆ. ಡಬ್ಬಿಯ ಮೇಲಿನ ಪರದೇಶದ ನಾಯಿ ಆ ಪಟ್ಟಿ ಹಾಕಿಕೊಂಡು ಮದುವೆ ಗಂಡಿನಂತೆ ನಗುತ್ತಿತ್ತು.

ನಮ್ಮದು ನಗಲಿಲ್ಲ. ಪಟ್ಟಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು. ನಾಯಿಗೆ ಬಾಯಿ ತೆರೆಯಲಾಗಲಿಲ್ಲ. ನೆಲಕ್ಕೆ ಮುಖ ಉಜ್ಜಿ ಪಟ್ಟಿಯನ್ನು ಕಣ್ಣಿನವರೆಗೆ ಏರಿಸಿಕೊಂಡಿತು. ಮೂತಿಯ ಮೇಲೆ ಕೆಂಪು ಗೆರೆ ಮೂಡಿತು. ನನ್ನ ವಾರ್ಡಿನಲ್ಲಿ ಯಾರಾದರೂ ಹೀಗೆ ಬ್ಯಾಂಡೇಜ್ ಕಟ್ಟಿದ್ದರೆ ನನ್ನ ಬೈಗುಳಕ್ಕೆ ಅವರಿಗೆ ಅಂದು ಊಟ ಇಳಿಯುತ್ತಿರಲಿಲ್ಲ. ಬೀದಿಯವರೆಲ್ಲ ಅದನ್ನು ಕಡಲೆಕಾಯಿ ಹೊಲದಲ್ಲಿ ಎತ್ತು ಮೇಯದಂತೆ ಬಾಯಿಗೆ ಕಟ್ಟುವ ಕುಕ್ಕೆ ಎಂದುಕೊಂಡು, ನಾಯಿ ಯಾರನ್ನು ಕಚ್ಚಿತು ಎಂದು ಕೇಳತೊಡಗಿದರು.

ಕೊನೆಗೆ ಸಂತೆಬೀದಿಯಲ್ಲಿ ಎತ್ತಿನ ಹಗ್ಗ, ಗೆಜ್ಜೆ ಮಾರುವ ಮುದುಕನ ಹತ್ತಿರ ಕರೆದೊಯ್ದೆ. ಅವನು ಟೇಪು ಹುಡುಕಲಿಲ್ಲ. ನಾಯಿಗೆ ಮುದ್ದೆಯ ಚೂರು ತೋರಿಸಿ, ಅದು ಬಾಯಿ ತೆರೆಯಲು ಹೆಣಗಿದಾಗ ಪಟ್ಟಿಯೊಳಗೆ ಬೆರಳು ತೂರಿಸಲು ನೋಡಿದ. ಬೆರಳು ಹೋಗಲಿಲ್ಲ.

“ಮಲಗಿದ್ದಾಗ ಅಳ್ದಿದ್ದೀಯ ಕಣಕ್ಕ. ಮಲ್ಕೊಂಡಿರೋ ನಾಯಿ ಬಾಯಿ ತೆಗೀತದಾ, ಎಳೀತದಾ?”

ಮೂತಿಯ ಪಟ್ಟಿ ಸಡಿಲಿಸಿ, ಒಳಗೆ ಹಳೇ ಪಂಚೆಯ ಬಟ್ಟೆ ಹೊಲಿದ. ಕಿವಿಯ ಹಿಂದಿನದನ್ನು ಜಾರದಂತೆ ಮೇಲಕ್ಕೆ ಬಿಗಿದ. ಆಮೇಲೆ ನನ್ನ ವೇಳಾಪಟ್ಟಿಗೂ ಕೈ ಹಾಕಿದ. ರೂಢಿ ಮಾಡಿಸಲು ನಾನು ಹತ್ತು ನಿಮಿಷ ಇಟ್ಟಿದ್ದೆ.

“ಹೋರಿಗೆ ಮೊದಲ್ನೇ ದಿನವೇ ನೇಗಿಲು ಕಟ್ತಾರಾ? ಬರೀ ನೊಗ ಹೊರಿಸ್ತಾರೆ. ಎಂಟು ದಿನ ಹಗ್ಗ ಕಟ್ಬ್ಯಾಡ. ಉಣ್ಣೋವಾಗ ಹಾಕು, ಉಂಡ್ಮೇಲೆ ತೆಗಿ.”

ಬೆಳಿಗ್ಗೆ ಆರು, ಸಂಜೆ ಆರು, ಹಾಗೇ ಮಾಡಿದೆ. ಐದನೇ ದಿನ ಆರಕ್ಕೆ ಸರಿಯಾಗಿ ನಾಯಿ, ಪಟ್ಟಿ ನೇತುಹಾಕುವ ಮೊಳೆಯ ಕೆಳಗೆ ನಿಂತು, ನಾನು ಹಿಡಿದ ಪಟ್ಟಿಯೊಳಗೆ ತಾನೇ ಮೂತಿ ತೂರಿಸಿತು. ಈ ಮನೆಯಲ್ಲಿ ನನ್ನ ಗಡಿಯಾರಕ್ಕೆ ಮರ್ಯಾದೆ ಕೊಟ್ಟ ಮೊದಲ ಜೀವಿ ಅದು. ಎಂಟು ದಿನ ಕಳೆದ ಮೇಲೆ ಹಗ್ಗ ಕಟ್ಟಿ ಅಂಗಳದೊಳಗೇ ನಡೆಸಿದೆ.

ಆ ಸೋಮವಾರ ಹಾಲಿನಂಗಡಿಯವರೆಗೆ ತೊಂದರೆಯಿರಲಿಲ್ಲ. ಜಡ್ಜು ಲೋಟದೊಡನೆ ಹಿಂದೆಯೇ ಇದ್ದರು. ವಾಪಸಾಗುವಾಗ, ಹೇಳಿ ಕಳಿಸಿದಂತೆ, ಕುರಿಮಂದೆ ಅಡ್ಡ ಬಂತು. ನಾಯಿ ನುಗ್ಗಿತು. ನಾನು ಜಗ್ಗದೆ ನಿಂತೆ. ಅದರ ತಲೆ ಮೆಲ್ಲಗೆ ನನ್ನತ್ತ ತಿರುಗಿತು. ಕುರಿಯ ಬದಲು ನನ್ನ ಮುಖ ಕಂಡು ಅದಕ್ಕೆ ಬೇಸರವಾದದ್ದು ಸ್ಪಷ್ಟವಾಗಿತ್ತು. ಆದರೂ ನಿಂತಿತು. ಮುದ್ದೆಯ ಚೂರು ಕೊಟ್ಟೆ. ಮಂದೆ ದಾಟಿತು. ಹಾಲೂ ಚೆಲ್ಲಲಿಲ್ಲ.

ಒಂಬತ್ತರ ಬಸ್ಸಿಗೆ ಕುರಿಯವನು ಹಗ್ಗದೊಡನೆ ಬಂದ.

“ಕಾಫಿ ಕುಡ್ದು ಹೋಗಪ್ಪ. ನಾಯಿ ಬರಲ್ಲ,” ಎಂದರು ಯಜಮಾನರು, ಇಷ್ಟು ದಿನ ನಾಯಿಯ ಪರ ವಾದಿಸಿದ್ದು ತಾವೇ ಎಂಬಂತೆ.

ಅವನು ಕಾಫಿ ಕುಡಿದು, ಮೊಳೆಯ ಮೇಲಿನ ಪಟ್ಟಿ ನೋಡಿ, ನಾಯಿ ಯಾರನ್ನು ಕಚ್ಚಿತು ಎಂದು ಕೇಳಿದ.

ಸಂಜೆ ಆರಕ್ಕೆ ನಾಯಿಯ ಊಟ. ಉಂಡ ಮೇಲೆ ಪಟ್ಟಿ ತೆಗೆದು ಮೂತಿ ನೋಡಿದೆ, ಗೆರೆಯಿಲ್ಲ. ಪಟ್ಟಿಯನ್ನು ಒಳಗಿನ ಬಟ್ಟೆ ಸಮೇತ ಒಗೆದು ತಂತಿಗೆ ಹಾಕಿದೆ. ಗಡಿಯಾರ ನೋಡಿದೆ, ಆರು ಮೂವತ್ತು.