ಕೆಳಗೆ ಎಸೆದ ಸ್ಪ್ಯಾನರ್

ಹಂಪಮ್ಮ, ನಿನ್ನ ಉತ್ತರ ಸರಿಯಿತ್ತು. ಮರುದಿನವೇ ಅದು ನನಗೆ ಗೊತ್ತಾಯಿತು. ಇಪ್ಪತ್ತು ವರ್ಷ ಹೇಳಲಿಲ್ಲ.

ಹೊಸಪೇಟೆಯ ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಉಪನ್ಯಾಸಕ; ನೀನು ಬುಕ್ಕಸಾಗರದಿಂದ ಬಸ್ಸಿಗೆ ಬರುತ್ತಿದ್ದ ಪಿಯುಸಿ ಹುಡುಗಿ. ಭೂಮಿಯನ್ನು ಸುತ್ತುವ ನೌಕೆಯಿಂದ ಸ್ಪ್ಯಾನರೊಂದನ್ನು ನೇರ ಭೂಮಿಯ ಕಡೆಗೆ ಎಸೆದರೆ ಏನಾಗುತ್ತದೆ ಎಂದು ಕೇಳಿದ್ದೆ. ನೆಲಕ್ಕೆ ಬೀಳುತ್ತದೆ ಎಂದರು ಎಲ್ಲರೂ. ನನ್ನ ಟಿಪ್ಪಣಿಯಲ್ಲೂ ಹಾಗೇ ಇತ್ತು — ನನ್ನ ಮೇಷ್ಟ್ರು ಬರೆಸಿದ್ದು, ನಾನು ವರ್ಷವರ್ಷ ಬರೆಸುತ್ತಿದ್ದದ್ದು. ನೀನು ಎದ್ದು ನಿಂತೆ. ಕೈಯಲ್ಲಿ ಪುಸ್ತಕವಿತ್ತೋ ಇಲ್ಲವೋ — ನೆನಪನ್ನು ನಂಬಲಾರೆ. ಮಾತು ಮಾತ್ರ ಉಳಿದಿದೆ.

"ಬೀಳಂಗಿಲ್ರಿ ಸರ್. ಮುಂದಕ್ಕ ಓಡೋ ವೇಗ ಅದಕ್ಕೂ ಐತಲ್ರಿ. ಒಂದು ಸುತ್ತು ಹಾಕಿ ನೌಕೆ ಹತ್ರಾನ ಬರ್ತೈತಿ."

"ಮಲಪನಗುಡಿ ಬಾವ್ಯಾಗ ಒಗೆದ ಕಲ್ಲು ತಿರುಗಿ ಕೈಗೆ ಬರ್ತೈತೇನವ್ವಾ?" ಎಂದೆ ನಾನು.

ತರಗತಿ ನಕ್ಕಿತು. "ಕ್ಯಾಚ್ ಹಿಡೀಲೇ ಹಂಪವ್ವಾ!" ಎಂದ ಹಿಂದಿನ ಬೆಂಚಿನವನೊಬ್ಬ. ನಾನು ತಡೆಯಲಿಲ್ಲ.

ಮರುದಿನ ಸ್ಟಾಫ್ ರೂಮಿನಲ್ಲಿ ಲೆಕ್ಕ ಮಾಡಿ ನೋಡಿದೆ. ಕೈಯಿಂದ ಎಷ್ಟೇ ಬಲವಾಗಿ ಎಸೆದರೂ ಸ್ಪ್ಯಾನರ್ ತುಸು ಕೆಳಗಿಳಿದು, ನೌಕೆಗಿಂತ ಮುಂದೆ ಹೋಗಿ, ಮತ್ತೆ ಮೇಲೇರಿ, ಒಂದು ಸುತ್ತು ಮುಗಿಯುವಾಗ ನೌಕೆಯ ಬಳಿಗೇ ಬರುತ್ತದೆ. ಎರಡು ಸಲ ಮಾಡಿದೆ. ಹಾಳೆ ಮಡಚಿ ಜೇಬಿಗಿಟ್ಟುಕೊಂಡೆ. ತರಗತಿಗೆ ಹೋಗಿ ಮುಂದಿನ ಪಾಠ ತೆಗೆದೆ.

ನೀನು ಮತ್ತೆ ಕೈ ಎತ್ತಲಿಲ್ಲ. ಬಿ.ಎಸ್ಸಿ. ಬಿಟ್ಟು ಬಿ.ಎ.ಗೆ ಸೇರಿದೆ. ನನ್ನಿಂದಲೇ ಎಂದರೆ ಅಹಂಕಾರವೇನೋ. ನನ್ನಿಂದಲ್ಲ ಎನ್ನಲು — ಬಾಯಿ ಬರುವುದಿಲ್ಲ.

ಹೋದ ವಾರ ಬಸ್ ನಿಲ್ದಾಣದಲ್ಲಿ ನೀನೇ ನನ್ನ ಗುರುತು ಹಿಡಿದೆ. ಪಕ್ಕದಲ್ಲಿ ಹೈಸ್ಕೂಲು ಓದುವ ಮಗಳು.

"ಇವ್ರೇ ನೋಡವ್ವಾ ನಮ್ ಸರ್. ಸೈನ್ಸಿನ್ಯಾಗ ನಿಮ್ಮವ್ವ ಎಂಥಾ ದಡ್ಡಿ ಇದ್ಲು, ಕೇಳು."

ನಗುತ್ತಲೇ ಹೇಳಿದೆ ನೀನು. ಹುಡುಗಿ ನನ್ನ ಮುಖ ನೋಡಿದಳು. ಒಂದೇ ವಾಕ್ಯ ಸಾಕಿತ್ತು. "ಬಸ್ ಬಂತು ನೋಡ್ರಿ, ಜಲ್ದಿ ಹತ್ರಿ" ಎಂದುಬಿಟ್ಟೆ.

ಮೊದಲನೆಯದು ಅಜ್ಞಾನ ಎನ್ನಬಹುದು. ಇದಕ್ಕೆ ಹೆಸರು ಹುಡುಕುವಷ್ಟು ತ್ರಾಣ ನನಗಿಲ್ಲ.

ನೀವು ಹತ್ತಿದ್ದು ಬುಕ್ಕಸಾಗರದ ಬಸ್ಸು. ಭಾನುವಾರ ಅಲ್ಲಿಗೆ ಬರುತ್ತೇನೆ. ನಿನ್ನೆದುರಿನಲ್ಲೇ ಮಗಳಿಗೆ ಹೇಳುತ್ತೇನೆ — ನಿಮ್ಮವ್ವ ಸರಿ ಇದ್ದಳು, ತಪ್ಪಿದ್ದು ನಾನು. ಆಗಲೇ ಯಾಕೆ ಹೇಳಲಿಲ್ಲ ಎಂದು ಅವಳು ಕೇಳುತ್ತಾಳೆ. ನಾಚಿಕೆಯಾಗಿತ್ತು ಎನ್ನುತ್ತೇನೆ. ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.